ರಜೆ ಅರ್ಜಿಯಲ್ಲಿ ‘ಜ್ವರ’ ಎಂದು ಬರೆಯುವ ಮುನ್ನ



ಖಿನ್ನತೆಗೆ ಒಳಗಾದ ನೌಕರ ಕಚೇರಿಯ ಕಣ್ಣಿಗೆ ರೋಗಿಯಾಗಿ ಕಾಣುವುದಿಲ್ಲ. ತಡವಾಗಿ ಬರುವವ, ಕಡತ ಬಾಕಿ ಇಡುವವ ಎಂದೇ ಕಾಣುತ್ತಾನೆ. ಹಾಗಾಗಿ ಮೊದಲು ಬರುವುದು ಮೆಮೋ. ಆತನೂ ಸಂಕೋಚಪಟ್ಟು ರಜೆ ಅರ್ಜಿಯಲ್ಲಿ ‘ಜ್ವರ’ ಎಂದು ಬರೆಯುತ್ತಾನೆ. ಗುಮಾಸ್ತರಾಗಿದ್ದಾಗ ಇಂಥ ಅರ್ಜಿಗಳನ್ನು ನಾವೂ ಏನೊಂದೂ ಕೇಳದೆ ಕಡತಕ್ಕೆ ಸೇರಿಸಿದ್ದುಂಟು. ಮುಂದೆ ಇಲಾಖಾ ವಿಚಾರಣೆ ಎದುರಾದರೆ ಕಾಯಿಲೆಗೆ ದಾಖಲೆಯೇ ಇರುವುದಿಲ್ಲ.

ದಾಖಲೆ ಇದ್ದರೆ ಕಾನೂನಿನ ಆಸರೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದರ 20(4)ನೇ ಕಲಂ ಪ್ರಕಾರ, ಸೇವೆಯಲ್ಲಿರುವಾಗ ವೈಕಲ್ಯ ಉಂಟಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಇರುವ ಹುದ್ದೆ ನಿಭಾಯಿಸಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಖಿನ್ನತೆಯಿಂದಲೂ ಬಳಲುತ್ತಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮೇಲಿನ ಶಿಸ್ತುಕ್ರಮವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ರದ್ದುಪಡಿಸಿತು. ಕೆಲವು ದಿನಗಳ ಬೇಸರಕ್ಕೆ ಇದು ಅನ್ವಯಿಸದು. ಖಾಸಗಿ ಕಂಪನಿಯವರಿಗೂ ಈ ಕಲಂ ಇಲ್ಲ, ಅದೇ ಬೇಸರದ ಸಂಗತಿ.

ವೈದ್ಯರ ಬಳಿ ಹೋಗಲು ಹಿಂಜರಿಕೆಯಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ. ಕಾಸರಗೋಡಿನವರಿರಲಿ ಸೊಲ್ಲಾಪುರದವರಿರಲಿ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ, ಕೇಳಿ ಪಡೆಯಿರಿ.