ಬತ್ತದ ಪೈರಿಗೆ ಬಂದ ಖೋಟಾ ಅಪ್ಪಣೆ

ತೆನೆ ಕಟ್ಟುವ ಹೊತ್ತಿಗೆ ಎಲೆಯ ತುದಿಯಿಂದ ಮೊದಲುಗೊಂಡು ಅಂಚಿನುದ್ದಕ್ಕೂ ಹಳದಿಯ ಪಟ್ಟೆ ಅಲೆಅಲೆಯಾಗಿ ಇಳಿದು, ನೋಡನೋಡುತ್ತ ಗದ್ದೆಗೆ ಗದ್ದೆಯೇ ಒಣಹುಲ್ಲಿನ ಬಣ್ಣಕ್ಕೆ ತಿರುಗುವ ಸಂಕಟವನ್ನು ತುಂಗಭದ್ರೆಯ ಅಚ್ಚುಕಟ್ಟಿನ ರೈತರು ಚೆನ್ನಾಗಿ ಬಲ್ಲರು. ದುಂಡಾಣು ಅಂಗಮಾರಿಯೆಂಬ ಈ ವ್ಯಾಧಿ 1884ರಷ್ಟು ಹಿಂದೆಯೇ ಜಪಾನಿನ ಕ್ಯೂಷೂ ದ್ವೀಪದಲ್ಲಿ ಬೇಸಾಯಗಾರರ ಕಣ್ಣಿಗೆ ಬಿದ್ದಿತ್ತು. ರೋಗ ತಗುಲಿದ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿದರೆ, ಸ್ವಲ್ಪ ಹೊತ್ತಿನಲ್ಲಿ ಬೆಳ್ಳನೆಯ ಎಳೆಯೊಂದು ನೀರಿಗಿಳಿಯುವುದು; ಕ್ಸಾಂಥೊಮೋನಾಸ್ ಒರೈಜೆ ಎಂಬ ಬ್ಯಾಕ್ಟೀರಿಯದ ಅಸಂಖ್ಯ ಸಂತಾನವೇ ಆ ಎಳೆ.

ಇಂಥ ಶತ್ರುವಿಗೆ ಪೈರು ಸುಮ್ಮನೆ ಮೈಯೊಡ್ಡುವುದಿಲ್ಲ. ಜೀವಕೋಶಗಳ ಹೊರಮೈಯಲ್ಲಿರುವ ಗ್ರಾಹಕ ಪ್ರೋಟೀನುಗಳು ಪರಜೀವಿಯ ಸುಳಿವು ಹಿಡಿದೊಡನೆ ಕೋಶದ ಗೋಡೆ ಬಲಿಯುತ್ತದೆ, ಸೂಕ್ಷ್ಮಜೀವಿಗಳಿಗೆ ಮಾರಕವಾದ ದ್ರವ್ಯಗಳು ಸಿದ್ಧವಾಗುತ್ತವೆ. ಆದರೆ ಬ್ಯಾಕ್ಟೀರಿಯವು ಅತಿಸೂಕ್ಷ್ಮ ನಾಳವೊಂದರ ಮೂಲಕ ತನ್ನ ಪ್ರೋಟೀನುಗಳನ್ನು ಸಸ್ಯಕೋಶದೊಳಕ್ಕೇ ಸ್ರವಿಸಬಲ್ಲದು. ಅವುಗಳಲ್ಲಿ ಕೆಲವು ಒಳಗಿನ ಎಚ್ಚರಿಕೆಯ ಸಂಕೇತಗಳನ್ನು ಅಡಗಿಸುತ್ತವೆ. ಟಾಲ್ ಎಂಬ ವರ್ಗದವು ಮಾಡುವ ಕೆಲಸ ಅದಕ್ಕಿಂತಲೂ ವಿಸ್ಮಯಕರ: ಕಣಜದ ಬಾಗಿಲನ್ನು ಒಡೆಯದೆ, ಒಡೆಯನ ಮುದ್ರೆಯೊತ್ತಿದ ಖೋಟಾ ಅಪ್ಪಣೆ ತಂದು ಕಾವಲುಗಾರನ ಕೈಯಿಂದಲೇ ಬಾಗಿಲು ತೆಗೆಸುವ ಕಳ್ಳನ ಜಾಣ್ಮೆ ಅವುಗಳದು.

ಟಾಲ್ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು, ಬತ್ತದ ಡಿಎನ್ಎಯಲ್ಲಿ ತನಗೆ ಬೇಕಾದ ಜೀನಿನ ಮುಂಭಾಗವನ್ನು ಅಕ್ಷರಾಕ್ಷರವಾಗಿ ಗುರುತಿಸಿ, ಅಲ್ಲಿ ನೆಲೆನಿಂತು ಆ ಜೀನನ್ನು ಎಬ್ಬಿಸುತ್ತದೆ. ಸುಮಾರು 34 ಅಮೈನೊ ಆಮ್ಲಗಳ ಒಂದೇ ಘಟಕ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ; ಪ್ರತಿ ಘಟಕದ 12 ಮತ್ತು 13ನೆಯ ಸ್ಥಾನಗಳಲ್ಲಿರುವ ಜೋಡಿಯೇ ಡಿಎನ್ಎಯ ಯಾವ ಅಕ್ಷರವನ್ನು ಹಿಡಿಯಬೇಕೆಂಬುದನ್ನು ನಿರ್ಧರಿಸುತ್ತದೆಯೆಂದು 2009ರಲ್ಲಿ ಜರ್ಮನಿಯ ಮತ್ತು ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಬಿಡಿಸಿ ತೋರಿಸಿದುವು. ಹೀಗೆ ಎಬ್ಬಿಸಲ್ಪಡುವ ಜೀನುಗಳಲ್ಲಿ ಮುಖ್ಯವಾದವು ಸ್ವೀಟ್ ಎಂಬ ಕುಲದವು. ಕೋಶದೊಳಗಿನ ಸಕ್ಕರೆಯನ್ನು ಹೊರಸಾಗಿಸುವುದು ಅವುಗಳ ಸಹಜ ಕಾರ್ಯ. ಅಕಾಲದಲ್ಲಿ ಎಚ್ಚೆತ್ತ ಅವು, ಸಕ್ಕರೆ ವಿರಳವಾದ ನೀರ್ನಾಳಗಳ ಬಳಿ ಬೀಡುಬಿಟ್ಟ ವೈರಿಗೆ ಪೈರಿನ ಸಕ್ಕರೆಯನ್ನೇ ಬಡಿಸಿಬಿಡುತ್ತವೆ.

ಕೆಲವು ಬತ್ತದ ತಳಿಗಳಿಗೆ ಈ ರೋಗ ತಗುಲದಿರುವುದರ ರಹಸ್ಯವೂ ಇದರಿಂದಲೇ ವಿದಿತವಾಯಿತು. xa13 ಎಂದು ತಳಿವಿಜ್ಞಾನಿಗಳು ಗುರುತಿಸಿದ ಗುಣವುಳ್ಳ ಪೈರಿನಲ್ಲಿ ಸ್ವೀಟ್ ಜೀನಿನ ಮುಂಭಾಗದ ಅಕ್ಷರಗಳೇ ವ್ಯತ್ಯಾಸವಾಗಿರುವುದರಿಂದ ಪರಕೀಯ ಪ್ರೋಟೀನು ಅಲ್ಲಿ ಕಾಲೂರಲಾರದು. ಪೈರು ಇಲ್ಲಿ ಹೋರಾಡುವುದೇ ಇಲ್ಲ, ಆಜ್ಞೆಯನ್ನು ಪಾಲಿಸದೆ ಉಳಿಯುತ್ತದೆ, ಅಷ್ಟೆ. ರೋಗನಿರೋಧವೆಂದರೆ ಸದಾ ಪ್ರತಿದಾಳಿಯೆಂದೇ ಬಗೆದಿದ್ದವರು ಮನಗಾಣಬೇಕಾದ ಸಂಗತಿಯಿದು. ಆದರೆ ಮತ್ತೊಂದು ಸ್ವೀಟ್ ಜೀನನ್ನು ಎಬ್ಬಿಸುವ ಪ್ರೋಟೀನು ಬ್ಯಾಕ್ಟೀರಿಯದ ಬತ್ತಳಿಕೆಯಲ್ಲಿದ್ದರೆ ಒಂದೇ ಗುಣದ ರಕ್ಷಣೆ ಸಾಲದಾಗುವುದು. ಆದುದರಿಂದಲೇ ಹೈದರಾಬಾದಿನ ವಿಜ್ಞಾನಿಗಳು, ನಮ್ಮ ಊಟದೆಲೆಗೂ ಪರಿಚಿತವಾದ ಸಾಂಬಾ ಮಸೂರಿಗೆ xa13ರ ಜೊತೆಗೆ xa5 ಮತ್ತು Xa21 ಎಂಬ ಇನ್ನೆರಡನ್ನು ಸಂಕರದಿಂದ ಕೂಡಿಸಿ, 2008ರಲ್ಲಿ ಸುಧಾರಿತ ತಳಿಯಾಗಿ ಹೊರತಂದರು. ಇವುಗಳಲ್ಲಿ Xa21 ಮೂಲತಃ ಆಫ್ರಿಕದ ಕಾಡುಬತ್ತದ್ದು. ವೈರಿ ಸ್ರವಿಸುವ ಪುಟ್ಟ ಪ್ರೋಟೀನೊಂದನ್ನು ಕೋಶದ ಹೊರಗೇ ಗುರುತಿಸಿ ಪೈರನ್ನು ಎಚ್ಚರಿಸುವುದು ಅದರ ಕೆಲಸ.