ಪೊಳ್ಳಾದರೂ ಬದುಕಿರುವ ಬರ್ನಮ್ ಓಕ್

ಸ್ಕಾಟ್ಲೆಂಡಿನ ಟೇ ನದಿಯ ದಂಡೆಯಲ್ಲಿ ಬರ್ನಮ್ ಓಕ್ ಎಂಬ ಪುರಾತನ ಮರವಿದೆ. ಷೇಕ್ಸ್‌ಪಿಯರನ ನಾಟಕದಲ್ಲಿ, ಮ್ಯಾಕ್‌ಬೆತ್ ದೊರೆಯ (ಆಳ್ವಿಕೆ 1040-1057) ಶತ್ರುಗಳು ಕೊಂಬೆಗಳ ಮರೆಯಲ್ಲಿ ಬರುವುದು ಇಲ್ಲಿನ ಕಾಡಿನಿಂದ. ಆ ಕಾಡಿನ ಕೊನೆಯ ಕುರುಹು ಈ ಮರವೆಂದು ಜನರ ನಂಬಿಕೆ.

ಬುಡದಿಂದ ಸುಮಾರು 3 ಮೀಟರ್ ಎತ್ತರದವರೆಗೆ ಇದರ ಕಾಂಡ ಪೊಳ್ಳು. ಆದರೂ ಮರ ಚಿಗುರುತ್ತದೆ. ಕಾರಣವಿಷ್ಟೆ: ನಡುವಿನ ಚೇಗು ಮರಕ್ಕೆ ಬಲ ಕೊಡುತ್ತದೆಯೇ ಹೊರತು ನೀರು ಸಾಗಿಸುವುದಿಲ್ಲ. ನೀರು ಮೇಲೇರುವುದು ಅದರ ಹೊರಗಿನ ಎಳೆಯ ಮರದಲ್ಲಿ. ಎಲೆಗಳು ತಯಾರಿಸಿದ ಆಹಾರ ಕೆಳಗಿಳಿಯುವುದು ಒಳತೊಗಟೆಯಲ್ಲಿ. ಇವೆರಡೂ ಕೆಡದಿದ್ದರೆ ಮರ ಬದುಕುತ್ತದೆ. ಆದರೆ ಬಲ ಕುಂದಿರುವುದರಿಂದ ಭಾರದ ಕೆಳಗೊಂಬೆಗಳಿಗೆ ಅಲ್ಲಿ ಮರದ ಊರೆ ಕೊಟ್ಟಿದ್ದಾರೆ.

ಆದ್ದರಿಂದ ಪೊಟರೆ ಕಂಡೊಡನೆ ಹಳೆಯ ಮರಕ್ಕೆ ಕೊಡಲಿ ಹಾಕಬಾರದು. ಪೊಟರೆಗೆ ಸಿಮೆಂಟ್ ತುಂಬುವುದು, ಬುಡದಲ್ಲಿ ಬೆಂಕಿ ಹಾಕುವುದು, ಬೇರಿನ ಮೇಲೆ ಆಳವಾಗಿ ಉಳುವುದು ಸಲ್ಲದು. ಬಾಗಿದ ಕೊಂಬೆಗೆ ಆಸರೆ ಕೊಡುವುದು ಲೇಸು.