ಮೊದಲು ಬೆಳ್ಳಿ, ಆಮೇಲೆ ತಾಮ್ರ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕರ್ನಾಟಕದ ಗಡಿಯಂಚಿನ ಊರು ಕೊಗನೊಳ್ಳಿ. ಗಡಿ ದಾಟಿ ಸ್ವಲ್ಪ ದೂರ ಹೋದರೆ ಬೆಳ್ಳಿ ಗೆಜ್ಜೆಗೆ ಹೆಸರಾದ ಹುಪರಿ. ಹಳೆಯ ಗೆಜ್ಜೆಯ ಚೂರೊಂದನ್ನು ನೈಟ್ರಿಕ್ ಆಮ್ಲಕ್ಕೆ ಹಾಕಿದರೆ ಕಂದು ಹೊಗೆ ಏಳುತ್ತದೆ, ಲೋಹ ಕರಗುತ್ತದೆ, ದ್ರಾವಣ ನೀಲಿಯಾಗುತ್ತದೆ. (ಆ ಹೊಗೆ ವಿಷ, ಮನೆಯಲ್ಲಿ ಮಾಡುವ ಕೆಲಸವಲ್ಲ.) ಬೆಳ್ಳಿಯ ಅಯಾನಿಗೆ ಬಣ್ಣವಿಲ್ಲ. ಆ ನೀಲಿ, ಗಟ್ಟಿತನಕ್ಕೆಂದು ಬೆರೆಸಿದ ತಾಮ್ರದ್ದು.

ಈ ದ್ರಾವಣಕ್ಕೆ ಉಪ್ಪುನೀರು ಹಾಕಿದರೆ ಹಾಲು ಒಡೆದಂತೆ ಬಿಳಿ ಗಸಿ ಕಟ್ಟಿ ತಳ ಸೇರುತ್ತದೆ. ಅದು ಸಿಲ್ವರ್ ಕ್ಲೋರೈಡ್. ಸೀಸದ ಕ್ಲೋರೈಡೂ ಬಿಳಿಯೇ, ಆದರೆ ಕುದಿಯುವ ನೀರಿನಲ್ಲಿ ಕರಗುತ್ತದೆ. ಬೆಳ್ಳಿಯದ್ದು ಬಿಸಿನೀರಿಗೆ ಜಗ್ಗುವುದಿಲ್ಲ, ಅಮೋನಿಯಾಕ್ಕೆ ಕರಗುತ್ತದೆ; ಬಿಸಿಲಿಗಿಟ್ಟರೆ ನೇರಳೆಗೆ ತಿರುಗುತ್ತದೆ. ಸೋಸಿ ತೆಗೆದ ನೀಲಿ ನೀರಿಗೆ ಧಾರಾಳವಾಗಿ ಅಮೋನಿಯಾ ಹಾಕಿದರೆ ಕಡುನೀಲಿ ಬಣ್ಣ ತಾಮ್ರದ ಗುರುತು ಹೇಳುತ್ತದೆ.

ಎರಡೇ ಲೋಹವಿದ್ದರೆ ಇಷ್ಟು ಸಾಕು. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಗೊತ್ತಿರುವ ಮೈಲುತುತ್ತದಲ್ಲಿ ತಾಮ್ರವಿದೆ, ಅನ್ನಭೇದಿಯಲ್ಲಿ ಕಬ್ಬಿಣ, ಜಿಂಕ್ ಸಲ್ಫೇಟಿನಲ್ಲಿ ಸತು, ಸುಣ್ಣದಲ್ಲಿ ಕ್ಯಾಲ್ಸಿಯಂ. ಇವುಗಳ ಅಯಾನುಗಳೆಲ್ಲ ಬೆಳ್ಳಿಯ ಜೊತೆ ಒಂದೇ ದ್ರಾವಣದಲ್ಲಿದ್ದರೆ? ಒಂದರ ಬಣ್ಣ ಇನ್ನೊಂದನ್ನು ಮುಚ್ಚುತ್ತದೆ. ಆಗ ಬೇಕಾಗುವುದು ಸರದಿ. 1841ರಲ್ಲಿ ಜರ್ಮನಿಯ ಬಾನ್‌ನಲ್ಲಿ ಓದುತ್ತಿದ್ದ 22ರ ತರುಣ ಕಾರ್ಲ್ ರೆಮಿಜಿಯಸ್ ಫ್ರೆಸೇನಿಯಸ್ ಇಂಥ ಸರದಿಯನ್ನು ಪುಸ್ತಕವಾಗಿ ಬರೆದ. ನಮ್ಮ ಪಿಯುಸಿ ಲ್ಯಾಬಿನ ಲವಣ ವಿಶ್ಲೇಷಣೆ ಇಂದಿಗೂ ಆ ಹಾದಿಯಲ್ಲೇ ನಡೆಯುತ್ತದೆ.

ಮೊದಲು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ: ಬೆಳ್ಳಿ ಬೀಳುತ್ತದೆ. ಸೋಸಿದ ಆಮ್ಲೀಯ ನೀರಿಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೆ ತಾಮ್ರ ಕಪ್ಪಾಗಿ ಬೀಳುತ್ತದೆ, ಸತು ಬೀಳುವುದಿಲ್ಲ. ಈ ವಿಧಾನದ ಜೀವಾಳ ಇಲ್ಲಿದೆ. ಆಮ್ಲದ ಹೈಡ್ರೋಜನ್ ಅಯಾನುಗಳು ಸಲ್ಫೈಡ್ ಅಯಾನುಗಳನ್ನು ತೀರಾ ವಿರಳವಾಗಿಸುತ್ತವೆ. ತಾಮ್ರದ ಸಲ್ಫೈಡ್ ಎಷ್ಟು ಕರಗದ ವಸ್ತುವೆಂದರೆ ಅಷ್ಟೇ ಅಲ್ಪ ಸಲ್ಫೈಡ್ ಅದಕ್ಕೆ ಸಾಕು, ಸತುವಿಗೆ ಸಾಲದು. ಮುಂದೆ ಅಮೋನಿಯಾ ಹಾಕಿ ಆಮ್ಲ ಕಳೆದ ಮೇಲೆ ಅದೇ ಅನಿಲ ಸತುವನ್ನು ಬಿಳಿಯಾಗಿ ಕೆಡವುತ್ತದೆ. ಮಕ್ಕಳು ಕೋಷ್ಟಕವನ್ನು ಉರು ಹೊಡೆದು ಅಂಕ ತೆಗೆಯುತ್ತಾರೆ, ಈ ಕಾರಣವನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಕಲಿಯಬೇಕಾದ ರಸಾಯನಶಾಸ್ತ್ರವೇ ಇದು.

ತಾಮ್ರ, ಸತು ಇವೆರಡರ ನಡುವೆ ಕಬ್ಬಿಣದ ಸರದಿ. ಹಾಯಿಸಿದ ಅನಿಲ ಕಬ್ಬಿಣವನ್ನು ಫೆರಸ್ ರೂಪದಲ್ಲಿ ಉಳಿಸಿರುತ್ತದೆ. ಆದ್ದರಿಂದ ದ್ರಾವಣ ಕುದಿಸಿ ಅನಿಲವನ್ನು ಓಡಿಸಿ, ಕೆಲವು ಹನಿ ನೈಟ್ರಿಕ್ ಆಮ್ಲದಿಂದ ಫೆರಿಕ್ ಮಾಡಿಕೊಳ್ಳಬೇಕು. ಬಳಿಕ ಅಮೋನಿಯಂ ಕ್ಲೋರೈಡ್, ಅಮೋನಿಯಾ ಸೇರಿಸಿದರೆ ತುಕ್ಕಿನ ಬಣ್ಣದ ಗಸಿ. ಕುದಿಸುವುದನ್ನು ಮರೆತರೆ ಅಮೋನಿಯಾ ಬಿದ್ದೊಡನೆ ಕಬ್ಬಿಣ, ಸತು ಎರಡೂ ಸಲ್ಫೈಡಾಗಿ ಒಟ್ಟಿಗೆ ಬೀಳುತ್ತವೆ. ಸತು ಹೋದ ಮೇಲೆ ಅಮೋನಿಯಂ ಕಾರ್ಬೊನೇಟಿಗೆ ಕ್ಯಾಲ್ಸಿಯಂ ಬೀಳುತ್ತದೆ; ಜ್ವಾಲೆಗೆ ಹಿಡಿದರೆ ಇಟ್ಟಿಗೆಗೆಂಪು.

ಯಾವುದಕ್ಕೂ ಬೀಳದೆ ಉಳಿಯುವ ಸೋಡಿಯಂ, ಪೊಟ್ಯಾಸಿಯಂಗಳನ್ನು ಜ್ವಾಲೆಯ ಹಳದಿ, ತಿಳಿನೇರಳೆಗಳಲ್ಲೇ ಹಿಡಿಯಬೇಕು. ಅಮೋನಿಯಂ ಅಯಾನನ್ನು ಮಾತ್ರ ಕೊನೆಗೆ ಹುಡುಕುವಂತಿಲ್ಲ, ಏಕೆಂದರೆ ದಾರಿಯುದ್ದಕ್ಕೂ ನಾವೇ ಅದನ್ನು ಸುರಿದಿರುತ್ತೇವೆ. ಅದಕ್ಕೆಂದೇ ಎಲ್ಲಕ್ಕಿಂತ ಮೊದಲು ಮೂಲ ಲವಣದ ಒಂದು ಚಿಟಿಕೆ ತೆಗೆದು, ಕಾಸ್ಟಿಕ್ ಸೋಡಾದ ಜೊತೆ ಬಿಸಿಮಾಡಿ, ಹೊರಬರುವ ಅನಿಲಕ್ಕೆ ಒದ್ದೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆಯೇ ಎಂದು ನೋಡುತ್ತಾರೆ.